ಜಿಪ್ಪಕ್ಕನ ತಾಣವೂ ಯಜಮಾನರ ಜಾಕೆಟ್ಟೂ

ಐದು ಮಹಡಿಯ ಹಳೇ ಕಟ್ಟಡದ ಮೆಟ್ಟಿಲ ಕೆಳಗೆ, ಬೇರೆಯವರಾದರೆ ಪೊರಕೆ ಬಕೆಟ್ಟು ಇಡುವ ಜಾಗದಲ್ಲಿ, ಒಂದು ಮೇಜು, ಒಂದು ಸ್ಟೂಲು, ಕತ್ತು ಬಗ್ಗಿಸುವ ಒಂದು ದೀಪ ಮತ್ತು ಜಿಪ್ಪಕ್ಕ. ದಿನವಿಡೀ ತಲೆಯ ಮೇಲೆ ಜನ ಹತ್ತಿ ಇಳಿಯುವ ಸದ್ದು. ಯಾರು ಅವಸರದಲ್ಲಿದ್ದಾರೆ, ಯಾರಿಗೆ ಮಂಡಿನೋವು, ಯಾರು ಹೊಸ ಚಪ್ಪಲಿ ಕೊಂಡಿದ್ದಾರೆ ಎಂಬುದೆಲ್ಲ ಅವಳಿಗೆ ತಲೆ ಎತ್ತದೆಯೇ ತಿಳಿಯುತ್ತಿತ್ತು. ಹನ್ನೊಂದು ವರ್ಷದಿಂದ ಅವಳು ಅಲ್ಲಿ ಕೂತು ಜಿಪ್ ರಿಪೇರಿ ಮಾಡುತ್ತಿದ್ದಳು. ಬರೀ ಜಿಪ್ಪು. ಬ್ಯಾಗಿನದು, ಜಾಕೆಟ್ಟಿನದು, ಪ್ಯಾಂಟಿನದು, ಸೂಟ್‌ಕೇಸಿನದು, ಒಮ್ಮೆ ಯಾರದೋ ಟೆಂಟಿನದು. ಗುಂಡಿ ಹಾಕಿಕೊಡಿ ಎಂದು ಬಂದವರನ್ನು ಬೀದಿಯ ಆಚೆಗಿನ ದರ್ಜಿ ಅಂಗಡಿಗೆ ಕಳಿಸಿಬಿಡುತ್ತಿದ್ದಳು.

ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಬ್ಯಾಗಿನ ಕಾರ್ಖಾನೆಯಲ್ಲಿ ದುಡಿದವಳು. ದಿನಕ್ಕೆ ನಾನೂರು ಜಿಪ್ಪಿಗೆ ರನ್ನರ್ ಏರಿಸುವುದು ಅವಳ ಕೆಲಸ. ರನ್ನರ್ ಎಂದರೆ ನಾವು ಹಿಡಿದು ಎಳೆಯುತ್ತೇವಲ್ಲ, ಆ ಲೋಹದ ತುಂಡು. ಜಿಪ್ ಕೆಟ್ಟರೆ ಜನ ಹಲ್ಲುಗಳನ್ನು ಬೈಯುತ್ತಾರೆ. ಹಲ್ಲಿನ ತಪ್ಪು ಅಪರೂಪ, ಬಹುಪಾಲು ರನ್ನರ್ ಸವೆದು ಬಾಯಿ ಅಗಲಿಸಿಕೊಂಡಿರುತ್ತದೆ, ಎರಡು ಕಡೆಯೂ ಇಕ್ಕುಳದಲ್ಲಿ ಹದವಾಗಿ ಒತ್ತಿದರೆ ಮತ್ತೆ ಹತ್ತು ವರ್ಷ ಓಡುತ್ತದೆ. ಇಷ್ಟು ತಿಳಿಯದೆ ಉಗುರಿನಷ್ಟು ತುಂಡಿಗಾಗಿ ಆನೆಯಂಥ ಸೂಟ್‌ಕೇಸನ್ನು ಕಸಕ್ಕೆ ಎಸೆಯುವವರನ್ನು ಕಂಡರೆ ಜಿಪ್ಪಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಉಳಿದಂತೆ ಅವಳು ಸಮಾಧಾನದ ಹೆಂಗಸೇ.

ಅವಳದೊಂದು ಪದ್ಧತಿ ಇತ್ತು. ಗಿರಾಕಿ ವಸ್ತುವನ್ನು ಮೇಜಿನ ಮೇಲಿಟ್ಟು ಏನು ಹೇಳುತ್ತಾರೋ ಅದನ್ನು ಹೇಳಿದ ಹಾಗೇ ಒಂದು ಚೀಟಿಯಲ್ಲಿ ಬರೆದು, ಪಿನ್ನಿನಿಂದ ಅದಕ್ಕೇ ಚುಚ್ಚುವುದು. 'ಹಿಂದೆ ಬಾಯಿ ಬಿಡ್ತಿದೆ.' 'ಅರ್ಧಕ್ಕೆ ಬಂದು ಮುಷ್ಕರ ಮಾಡುತ್ತೆ.' 'ಒಂದು ಕಡೆ ಹೋಗುತ್ತೆ, ಇನ್ನೊಂದು ಕಡೆ ಬರಲ್ಲ, ನಮ್ಮನೆಯವರ ಥರ.' ಕೆಲಸ ಮುಗಿದ ಮೇಲೆ ಚೀಟಿಯ ಹಿಂಭಾಗದಲ್ಲಿ ಏನು ಮಾಡಿದೆ ಎಂದು ಬರೆದು ಬಿಸ್ಕತ್ತಿನ ಡಬ್ಬಕ್ಕೆ ಹಾಕುತ್ತಿದ್ದಳು. ಹಾಗೆ ಒಂಬತ್ತು ಡಬ್ಬ ತುಂಬಿದ್ದವು.

ಇನ್ನು ಅವಳ ಗಂಡ, ಯಜಮಾನರು. ಮೂವತ್ತಾರು ವರ್ಷ ಒಂದು ದೊಡ್ಡ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸಿ ನಿವೃತ್ತರಾದವರು. ಜನರೊಂದಿಗೆ ಮಾತಾಡುವ ಆಸೆ ಬೆಟ್ಟದಷ್ಟು, ಸಿಗುತ್ತಿದ್ದದ್ದು ಎರಡು ಮಹಡಿಗಳ ನಡುವಿನ ಹನ್ನೆರಡು ಸೆಕೆಂಡು. 'ಮಳೆ ಬರೋ ಹಾಗಿದೆ, ಅಲ್ವಾ' ಎಂದು ಶುರು ಮಾಡುವಷ್ಟರಲ್ಲಿ ಬಾಗಿಲು ತೆರೆದು ಕೇಳುಗರು ಇಳಿದುಹೋಗುತ್ತಿದ್ದರು. ಮೂವತ್ತಾರು ವರ್ಷ ಅರ್ಧಕ್ಕೇ ನಿಂತ ಮಾತುಗಳೆಲ್ಲ ಅವರ ಹೊಟ್ಟೆಯಲ್ಲಿ ಹಾಗೇ ಕೂತಿದ್ದವು. ನಿವೃತ್ತರಾಗಿ ಬಂದು ಸೇರಿದ್ದೋ, ಅದೇ ಕಟ್ಟಡದ ಎರಡನೇ ಮಹಡಿಯ ಎರಡು ಕೋಣೆಯ ಮನೆಗೆ. ಆ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ.

ಜಿಪ್ಪಕ್ಕನಿಗೆ ಒಂದು ವೆಬ್‌ಸೈಟು ಮಾಡಿಕೊಟ್ಟವಳು ಅವರ ತಂಗಿ. ಬೇರೆ ಊರಿನ ಗ್ರಂಥಾಲಯದಲ್ಲಿ ಕಂಪ್ಯೂಟರು ನೋಡಿಕೊಳ್ಳುವವಳು. ಒಂದು ರಜೆಗೆ ಬಂದಾಗ, ಅತ್ತಿಗೆ ಒಂದೇ ವಿಷಯವನ್ನು ದಿನಕ್ಕೆ ಹದಿನೈದು ಸಲ ಹದಿನೈದು ಜನಕ್ಕೆ ಹೇಳುವುದನ್ನು ಕೇಳಿ, ಇದನ್ನೆಲ್ಲ ಒಂದು ಕಡೆ ಹಾಕೋಣ ಅಂದಳು. ಹಾಗೆ ನಲವತ್ತಮೂರು ಪುಟಗಳಾದವು. ಒಂದೊಂದು ರೋಗಕ್ಕೆ ಒಂದೊಂದು ಪುಟ. ಪ್ರತಿ ಪುಟದಲ್ಲೂ ಒಂದು ಫೋಟೋ, ಫೋಟೋದಲ್ಲಿ ಜಿಪ್ಪಕ್ಕನ ಎಡಗೈ ಹೆಬ್ಬೆರಳು, ಅದರ ಮೇಲೆ ಕಾರ್ಖಾನೆಯ ಕಾಲದ ಗಾಯದ ಗುರುತು. ಕೆಳಗೆ ಒಂದೇ ಮಾತು: ಹೀಗೆ ಮಾಡಿ ನೋಡಿ, ಆಗದಿದ್ದರೆ ನನಗೆ ಕಳಿಸಿ. ಅರ್ಧ ಜನ ಮನೆಯಲ್ಲೇ ಸರಿಮಾಡಿಕೊಂಡು ಥ್ಯಾಂಕ್ಸ್ ಬರೆದರು. ಉಳಿದರ್ಧ ಜನ ಪಾರ್ಸೆಲ್ ಕಳಿಸಿದರು. ಅವಳು ಹೆಸರೇ ಕೇಳದ ಊರುಗಳಿಂದ ಜಾಕೆಟ್ಟುಗಳು ಮೆಟ್ಟಿಲ ಕೆಳಗೆ ಬಂದು, ಗುಣವಾಗಿ ಹಿಂದಿರುಗಿದವು. ಜಿಪ್ ಎಂದು ಎಲ್ಲಿ ಯಾರು ಹುಡುಕಿದರೂ ಮೊದಲು ಬರುತ್ತಿದ್ದದ್ದು ಅವಳ ತಾಣವೇ.

ಹಾಗೆ ಮೊದಲು ಯಾರು, ಆಮೇಲೆ ಯಾರು ಎಂದು ತೀರ್ಮಾನಿಸುವ ಸರ್ಚ್ ಎಂಜಿನ್ನಿಗೆ ಯಜಮಾನರು ಹುಡುಕಪ್ಪ ಎಂದು ಹೆಸರಿಟ್ಟಿದ್ದರು. ಹುಡುಕಪ್ಪನ ಬುದ್ಧಿ ಒಂದೇ ಥರ ಇರುವುದಿಲ್ಲ, ಆಗಾಗ ನಿಯಮ ಬದಲಿಸುತ್ತಾನೆ, ಬದಲಿಸುವಾಗ ನಿಮ್ಮನ್ನೂ ನನ್ನನ್ನೂ ಕೇಳುವುದಿಲ್ಲ. ಮೂರು ವರ್ಷದ ಹಿಂದೆ ಒಂದು ವಾರ ಪಾರ್ಸೆಲ್ಲುಗಳು ಇದ್ದಕ್ಕಿದ್ದಂತೆ ಕಡಿಮೆಯಾದವು. ಯಜಮಾನರು ಕಂಪ್ಯೂಟರಿನ ಮುಂದೆ ಕೂತು, ವೆಬ್‌ಸೈಟಿನವರಿಗೆ ಬುದ್ಧಿ ಹೇಳುವ ವೆಬ್‌ಸೈಟುಗಳನ್ನೆಲ್ಲ ಓದಿ, ಕಾರಣ ಕಂಡುಹಿಡಿದರು. ಪುಟಗಳು ತೀರಾ ಚಿಕ್ಕವಂತೆ. ಎರಡು ಸಾವಿರ ಪದವಾದರೂ ಇರಬೇಕಂತೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಹೊಟ್ಟೆಯಲ್ಲಿದ್ದ ಮೂವತ್ತಾರು ವರ್ಷದ ಮಾತಿಗೆ ದಾರಿ ಸಿಕ್ಕಿತು.

ಪ್ರತಿ ಪುಟಕ್ಕೂ ಒಂದು ಪೀಠಿಕೆ ಬಂತು. 'ಮಾನವನ ಬದುಕಿನಲ್ಲಿ ಜಿಪ್ಪಿನ ಪಾತ್ರ.' 'ಜಿಪ್ಪೇ ಇಲ್ಲದ ಜಗತ್ತನ್ನು ಒಮ್ಮೆ ಕಲ್ಪಿಸಿಕೊಳ್ಳಿ.' 'ತೆರೆಯುವುದು ಮತ್ತು ಮುಚ್ಚುವುದು: ಕೆಲವು ಚಿಂತನೆಗಳು.' ಪ್ಯಾಂಟಿನ ಜಿಪ್ಪು ಸಿಕ್ಕಿಕೊಂಡು ಬಚ್ಚಲುಮನೆಯಲ್ಲಿ ನಿಂತಿರುವ ಮನುಷ್ಯ ಹನ್ನೊಂದು ಪ್ಯಾರಾ ದಾಟಿದ ಮೇಲೆ ಜಿಪ್ಪಕ್ಕನ ಹೆಬ್ಬೆರಳಿನ ದರ್ಶನ ಪಡೆಯಬೇಕಿತ್ತು. ಆದರೆ ಏನು ಹೇಳುವುದು, ಅದು ಕೆಲಸ ಮಾಡಿತು. ತಾಣ ಮತ್ತೆ ಮೇಲಕ್ಕೆ ಹೋಯಿತು, ಪಾರ್ಸೆಲ್ಲುಗಳು ಬಂದವು. ಅಂದಿನಿಂದ ದಿನಾ ಬೆಳಿಗ್ಗೆ ಯಜಮಾನರು ಕಂಪ್ಯೂಟರು ಹಾಕಿ, 'ಜಿಪ್ ರಿಪೇರಿ' ಎಂದು ಒತ್ತಿ, ತಮ್ಮ ತಾಣವನ್ನು ಪ್ರೀತಿಯಿಂದ ಒಮ್ಮೆ ತೆರೆದು ನೋಡಿ, ಅಡುಗೆಮನೆಯ ಬಾಗಿಲಿಗೆ ಬಂದು ಹೇಳುವರು, "ಇವತ್ತೂ ನಾವೇ ಮೊದಲು." ಲಿಫ್ಟಿನಲ್ಲಿ 'ಐದನೇ ಮಹಡಿ' ಎನ್ನುತ್ತಿದ್ದ ಅದೇ ದನಿ. ಆ ದನಿ ಕೇಳದೆ ಜಿಪ್ಪಕ್ಕನಿಗೆ ಬೆಳಗಾಗುತ್ತಿರಲಿಲ್ಲ.

ಆದರೆ ಕಳೆದ ಎಂಟು ತಿಂಗಳಿಂದ ಏನೋ ಸರಿಯಿರಲಿಲ್ಲ. ವಾರಕ್ಕೆ ಹತ್ತು ಹನ್ನೆರಡು ಬರುತ್ತಿದ್ದ ಪಾರ್ಸೆಲ್ ನಾಲ್ಕಾಯಿತು, ಎರಡಾಯಿತು. ಥ್ಯಾಂಕ್ಸಿನ ಕಾಗದಗಳಂತೂ ನಿಂತೇಹೋದವು. ಮೊದಲನೇ ಸ್ಥಾನದಲ್ಲಿ ಇದ್ದೂ ಯಾರೂ ಕರೆಯದಿದ್ದರೆ ತಪ್ಪು ತನ್ನದೇ ಇರಬೇಕು ಎಂದು ಜಿಪ್ಪಕ್ಕ ಕೊರಗಿದಳು. ಕೈ ಕೆಟ್ಟಿತೋ, ಜನ ಜಿಪ್ಪನ್ನೇ ಬಿಟ್ಟರೋ. ಮೇಜಿನ ಮುಂದೆ ಸುಮ್ಮನೆ ಕೂತು ಮೆಟ್ಟಿಲ ಸದ್ದು ಎಣಿಸುವ ದಿನಗಳು ಹೆಚ್ಚಾದವು.

ಇದು ಬೀದಿಯಾಚೆಗೂ ಕಾಣುತ್ತಿತ್ತು. ದರ್ಜಿ ಅಂಗಡಿಯ ಒಡತಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಒಳ್ಳೆಯ ಹೆಂಗಸು. ಒಂದು ದಿನ ಬಂದು, ಹಿಂದಿನ ಕೋಣೆಯಲ್ಲಿ ಒಂದು ಮೆಷಿನ್ ಖಾಲಿ ಇದೆ, ಜಿಪ್ಪು ಗುಂಡಿ ಕಾಲರ್ ಎಲ್ಲ ನೋಡಿಕೊಂಡು ನಮ್ಮ ಜೊತೆಗೇ ಇರಿ ಎಂದು ಕರೆದಳು. ಅವಸರವಿಲ್ಲ, ಚಳಿ ಮುಗಿಯುವುದರೊಳಗೆ ಹೇಳಿ, ಆಮೇಲೆ ಕೆಲಸ ಜಾಸ್ತಿ, ನನಗೆ ಬೇರೆಯವರನ್ನು ನೋಡಬೇಕಾಗುತ್ತೆ ಎಂದಳು. ಜಿಪ್ಪಕ್ಕ ಹೋಗಿ ಆ ಕೋಣೆಯನ್ನು ನೋಡಿ ಬಂದಳು. ಗೋಡೆಗೆ ಮುಖ ಮಾಡಿದ ಆರು ಮೆಷಿನ್ನು, ಒಂದು ಫ್ಯಾನು. ಅಲ್ಲಿ ಕೆಟ್ಟ ಜಿಪ್ಪನ್ನು ರಿಪೇರಿ ಮಾಡುವುದಿಲ್ಲ. ಹಳೇದು ಕಿತ್ತು ಬುಟ್ಟಿಗೆ ಹಾಕು, ಹೊಸದು ಹೊಲಿ. ಬುಟ್ಟಿಯಲ್ಲಿ ಬಿದ್ದಿದ್ದ ಜಿಪ್ಪುಗಳಲ್ಲಿ ಏಳೆಂಟು ಎರಡೇ ನಿಮಿಷದಲ್ಲಿ ಬದುಕುವಂಥವು ಎಂಬುದು ನಿಂತಲ್ಲೇ ಅವಳಿಗೆ ಕಂಡಿತು. ತನ್ನ ಮೆಟ್ಟಿಲ ಕೆಳಗಿನ ಮೂಲೆ ಅವಳಿಗೆ ಬೇಕಿತ್ತು. ಅದು ಉಳಿಯಬೇಕಾದರೆ ಪಾರ್ಸೆಲ್ಲು ಬರಬೇಕಿತ್ತು. ನಾವೇ ಮೊದಲು ಇದ್ದೇವಲ್ಲ, ಬಂದೇ ಬರುತ್ತವೆ ಎಂದು ಯಜಮಾನರು ಧೈರ್ಯ ಹೇಳಿದರು. ಅದನ್ನೇ ನಂಬಿ ಅವಳು ಕಾದಳು.

ಚಳಿ ಶುರುವಾದ ಹೊಸದರಲ್ಲಿ ಅವಳ ದವಡೆ ಹಲ್ಲು ನೋವು ಕೊಟ್ಟಿತು. ಊರಿನ ಹಲ್ಲೆಲ್ಲ ಸರಿಮಾಡುವವಳಿಗೆ ತನ್ನ ಹಲ್ಲು ಸರಿಯಿಲ್ಲ ಎಂದು ಯಜಮಾನರು ಛೇಡಿಸಿ ಕಳಿಸಿಕೊಟ್ಟರು. ದಂತವೈದ್ಯರ ಕೋಣೆಯ ಹೊರಗೆ ಬೆಂಚಿನ ಮೇಲೆ ಪಕ್ಕದಲ್ಲಿ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು. ಅವಳ ಕೈಚೀಲದ ಜಿಪ್ಪು ಹಿಂದೆ ಬಾಯಿ ಬಿಟ್ಟಿತ್ತು. ಒಂದೆರಡು ಸಲ ಎಳೆದು ನೋಡಿ, ಆಗದೆ, ಫೋನು ತೆಗೆದು ಹುಡುಕಲು ಶುರು ಮಾಡಿದಳು. ಜಿಪ್ಪಕ್ಕನ ಹಲ್ಲುನೋವು ಅರ್ಧ ಇಳಿಯಿತು. ಈಗ ನೋಡು, ನನ್ನ ಹೆಬ್ಬೆರಳು ಬರುತ್ತದೆ ಎಂದು ಕತ್ತು ಚಾಚಿ, ಪರರ ಫೋನನ್ನು ಕದ್ದು ನೋಡಬಾರದು ಎಂಬ ಮರ್ಯಾದೆಯನ್ನೂ ಬಿಟ್ಟು, ಇಣುಕಿದಳು.

ಹೆಬ್ಬೆರಳು ಬರಲಿಲ್ಲ. ಯಾರೋ ಬ್ಯಾಗು ಮಾರುವವರು ಬಂದರು, ಸಾಬೂನು ಉಜ್ಜಿ ಎನ್ನುವವರು ಬಂದರು, ಜೋರಾಗಿ ಎಳೆಯಿರಿ ಎನ್ನುವ ಪುಣ್ಯಾತ್ಮರೂ ಬಂದರು. ಹೆಂಗಸು ಎರಡನೇ ಪುಟಕ್ಕೂ ಹೋದಳು. ಅಲ್ಲೂ ಇಲ್ಲ. ಕೊನೆಗೆ ಬೇಸತ್ತು, ಜೋರಾಗಿ ಎಳೆಯುವವರ ಮಾತನ್ನೇ ಪಾಲಿಸಲು ಹೊರಟಳು. ಜಿಪ್ಪಕ್ಕನಿಗೆ ತಡೆಯಲಾಗಲಿಲ್ಲ. ಕೊಡಿ ಇಲ್ಲಿ ಎಂದು ಚೀಲವನ್ನು ಹೆಚ್ಚುಕಡಿಮೆ ಕಿತ್ತುಕೊಂಡು, ಸದಾ ಜೊತೆಗಿರುವ ಪುಟ್ಟ ಇಕ್ಕುಳ ತೆಗೆದು, ರನ್ನರನ್ನು ತುದಿಗೆ ತಂದು, ಎಡಕ್ಕೆ ಒಂದು ಸಲ, ಬಲಕ್ಕೆ ಒಂದು ಸಲ ಮೆಲ್ಲಗೆ ಒತ್ತಿದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಜಿಪ್ಪು ಮುಚ್ಚಿಕೊಂಡಿತು. ಹೆಂಗಸು ಮೂಗಿನ ಮೇಲೆ ಬೆರಳಿಟ್ಟಳು.

"ನೀವು ಇದನ್ನ ಇಂಟರ್‌ನೆಟ್ಟಲ್ಲಿ ಹಾಕ್ಬೇಕು ನೋಡಿ," ಅಂದಳು. "ಎಷ್ಟು ಜನಕ್ಕೆ ಉಪಯೋಗ ಆಗುತ್ತೆ."

ಅಷ್ಟರಲ್ಲಿ ಒಳಗೆ ಕರೆದರು. ವೈದ್ಯರು ಹಲ್ಲು ಕಿತ್ತದ್ದು ಜಿಪ್ಪಕ್ಕನಿಗೆ ಸರಿಯಾಗಿ ಗೊತ್ತೂ ಆಗಲಿಲ್ಲ.

ಮನೆಗೆ ಬಂದಾಗ ಬಾಯಿ ತುಂಬ ಹತ್ತಿ. ಒಂದು ಗಂಟೆ ಮಾತಾಡಕೂಡದು ಎಂದು ವೈದ್ಯರ ಅಪ್ಪಣೆ. ಯಜಮಾನರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಕಾಲಿಗೆ ಕಂಬಳಿ ಹೊದಿಸಿ, ಹೆಂಡತಿಗೆ ಖುಷಿಯಾಗಲಿ ಎಂದು ಕಂಪ್ಯೂಟರು ಹಾಕಿ ಎರಡನೇ ಸಲ ಹುಡುಕಿ ಹೇಳಿದರು, ಸಾಯಂಕಾಲವೂ ನಾವೇ ಮೊದಲು ಅಂತ. ಅವಳು ನೋಡಿದಳು. ನಿಜ. ಅಲ್ಲಿ ಮೊದಲು ಅವರೇ ಇದ್ದರು. ಒಂದು ಗಂಟೆ ಕಾಲ ಅವಳು ಗಂಡನ ಸಂತೋಷದ ಮುಖವನ್ನೂ ಆ ಪರದೆಯನ್ನೂ ನೋಡುತ್ತ ಕೂತಳು. ಹತ್ತಿ ತೆಗೆಯುವ ಹೊತ್ತು ಬಂದಾಗ, ಇನ್ನೂ ಸ್ವಲ್ಪ ಹೊತ್ತು ಇರಲಿ ಅನ್ನಿಸಿತು. ಆದರೂ ತೆಗೆದಳು.

"ಬೇರೆಯವರ ಫೋನಲ್ಲಿ ನಾವಿಲ್ಲ," ಅಂದಳು.

ಯಜಮಾನರು ಮೊದಲು ನಕ್ಕರು. ಆ ಹೆಂಗಸಿನ ಫೋನು ಹಳೇದಿರಬೇಕು, ಅಥವಾ ಅವಳಿಗೆ ಹುಡುಕಲು ಬರುವುದಿಲ್ಲ, ಅಥವಾ ನಿನಗೆ ಹಲ್ಲುನೋವಿನಲ್ಲಿ ಕಣ್ಣು ಮಂಜಾಗಿರಬೇಕು ಎಂದರು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರಲ್ಲ, ಅದಕ್ಕೇ ಇಬ್ಬರೂ ಮೇಲಿನ ಮನೆಯ ನರ್ಸಿನ ಹತ್ತಿರ ಹೋದರು. ಯಜಮಾನರೇ ಹೇಳಿ ಹುಡುಕಿಸಿದರು. ಮೊದಲ ಪುಟದಲ್ಲಿಲ್ಲ, ಎರಡರಲ್ಲಿಲ್ಲ. ನರ್ಸು ಪಾಪ, ಬೆರಳು ಸವೆಯುವಂತೆ ಕೆಳಗೆ ಕೆಳಗೆ ಹೋದಳು. ಐದನೇ ಪುಟದ ತಳದಲ್ಲಿ 'ಮಾನವನ ಬದುಕಿನಲ್ಲಿ ಜಿಪ್ಪಿನ ಪಾತ್ರ' ಸಿಕ್ಕಿತು. ಯಜಮಾನರು ಅದನ್ನು ಸ್ವಲ್ಪ ಹೊತ್ತು ನೋಡಿ, ಥ್ಯಾಂಕ್ಸ್ ಹೇಳಿ, ಮೆಟ್ಟಿಲ ಕಂಬಿ ಹಿಡಿದುಕೊಂಡು ಕೆಳಗಿಳಿದರು.

ತಂಗಿಗೆ ಫೋನು ಮಾಡಿದಾಗ ಅವಳು ಒಗಟನ್ನು ಒಂದೇ ಮಾತಲ್ಲಿ ಬಿಡಿಸಿದಳು. "ನೀನು ದಿನಾ ಅದನ್ನೇ ಹುಡುಕಿ ಅದನ್ನೇ ಒತ್ತಿದ್ರೆ, ಇವನಿಗೆ ಇದೇ ಇಷ್ಟ ಅಂತ ಅದು ನಿನಗೆ ಅದನ್ನೇ ಮೊದಲು ತೋರಿಸುತ್ತೆ ಅಣ್ಣ. ಹೆತ್ತವರಿಗೆ ಹೆಗ್ಗಣ ಮುದ್ದು." ಹುಡುಕಪ್ಪನ ನಿಯಮ ಎಂಟು ತಿಂಗಳ ಹಿಂದೆಯೇ ಮತ್ತೆ ಬದಲಾಗಿತ್ತು. ಈಗ ಉದ್ದ ಬೇಕಿಲ್ಲ. ಬಂದವರಿಗೆ ಬಂದ ತಕ್ಷಣ ಉತ್ತರ ಸಿಗಬೇಕು, ಬರೆದವರಿಗೆ ಕೆಲಸ ಗೊತ್ತಿದೆ ಎಂದು ಓದಿದರೆ ತಿಳಿಯಬೇಕು, ಜನ ಆಡುವ ಮಾತಿನಲ್ಲೇ ಇರಬೇಕು. ಅಣ್ಣ ಬೇಜಾರು ಮಾಡ್ಕೋಬೇಡ, ಪೀಠಿಕೆಗಳನ್ನೆಲ್ಲ ತೆಗೆಯಬೇಕು ಎಂದಳು. ಫೋನು ಸ್ಪೀಕರಿನಲ್ಲಿತ್ತು. ಯಜಮಾನರು ಎದ್ದು ಅಡುಗೆಮನೆಗೆ ಹೋಗಿ, ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆಯತೊಡಗಿದರು.

ಎರಡು ದಿನ ಯಜಮಾನರು ಕಂಪ್ಯೂಟರಿನ ಕಡೆ ಸುಳಿಯಲಿಲ್ಲ. ಅದಕ್ಕೆ ಬಟ್ಟೆ ಹೊದಿಸಿಬಿಟ್ಟರು. ಜಿಪ್ಪಕ್ಕನದು ನುಂಗಲೂ ಆಗದ ಉಗುಳಲೂ ಆಗದ ಸ್ಥಿತಿ. ಪೀಠಿಕೆ ಉಳಿದರೆ ಮೂಲೆ ಹೋಗುತ್ತದೆ, ಪೀಠಿಕೆ ತೆಗೆದರೆ ಗಂಡನ ಮುಖ ನೋಡಲಾಗುವುದಿಲ್ಲ. ಅವಳು ಅವರನ್ನು ಬೈಯಲಿಲ್ಲ. ಬೈಯಬೇಕೆಂದು ಅನ್ನಿಸಿತ್ತು, ಒಂದು ಸಲ ಬಾಯಿಯವರೆಗೂ ಬಂದಿತ್ತು. ಎಂಟು ತಿಂಗಳು ದಿನಾ ಬೆಳಿಗ್ಗೆ ತಾನೂ ಆ ಮಾತು ಕೇಳಿ ಖುಷಿಪಟ್ಟವಳೇ ಎಂದು ನೆನಪಾಗಿ ಸುಮ್ಮನಾದಳು.

ಮೂರನೆಯ ದಿನ ಯಜಮಾನರು ಒಂದು ದಪ್ಪ ಕಾಗದದ ಕಟ್ಟು ಹಿಡಿದುಕೊಂಡು ಮೆಟ್ಟಿಲ ಕೆಳಗೆ ಬಂದರು. ಪೀಠಿಕೆಗಳನ್ನೆಲ್ಲ ಕೈಯಲ್ಲಿ ನಕಲು ಮಾಡಿದ್ದರು. ಬಟ್ಟೆಯ ಮೂಟೆಯ ಮೇಲೆ ಕೂತು, ಕನ್ನಡಕ ಏರಿಸಿಕೊಂಡರು.

"ಅಳಿಸ್ತೀನಿ," ಅಂದರು. "ಅದಕ್ಕೆ ಮುಂಚೆ ಒಬ್ಬರಾದರೂ ಪೂರ್ತಿ ಕೇಳಲಿ."

ಜಿಪ್ಪಕ್ಕ ಕೇಳಿದಳು. ಕೈಯಲ್ಲಿ ಕೆಲಸ ಕಡಿಮೆಯಿದ್ದದ್ದೂ ಒಳ್ಳೆಯದೇ ಆಯಿತು. ದಿನಕ್ಕೆ ಐದಾರು ಪೀಠಿಕೆಯಂತೆ ಎಂಟು ದಿನ ಓದು ನಡೆಯಿತು. ಹಗಲು ಓದಿದ್ದನ್ನು ಸಂಜೆ ಮೇಲೆ ಹೋಗಿ ತಾಣದಿಂದ ಅಳಿಸುವರು. ತೆರೆಯುವುದು ಮುಚ್ಚುವುದರ ಚಿಂತನೆಗಳಲ್ಲಿ, ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುವಾಗ ಜನ ಕೊನೆಯ ಗಳಿಗೆಯಲ್ಲಿ ಹೊರಗಿನವರತ್ತ ಹೇಗೆ ನೋಡುತ್ತಿದ್ದರು ಎಂದು ಬರೆದಿದ್ದರು. ಅದನ್ನು ಕೇಳುವಾಗ ಅವಳ ಇಕ್ಕುಳ ನಿಂತಿತು. ಇಷ್ಟು ಒಳ್ಳೆಯ ಮಾತನ್ನು ಪ್ಯಾಂಟಿನ ಜಿಪ್ಪಿನ ಪುಟದಲ್ಲಿ ಯಾಕೆ ಹಾಕಿದಿರಿ ಎಂದು ಕೇಳಿದಳು. ಬೇರೆ ಎಲ್ಲಿ ಹಾಕಬೇಕು ಗೊತ್ತಾಗಲಿಲ್ಲ ಎಂದರು. ಅಳಿಸುವ ಮೊದಲು ಅದೊಂದನ್ನು ಎರಡು ಸಲ ಓದಿಸಿಕೊಂಡಳು. ಕಟ್ಟನ್ನು ತೆಗೆದುಕೊಂಡು ತನ್ನ ಬಿಸ್ಕತ್ತಿನ ಡಬ್ಬಗಳ ಸಾಲಿನಲ್ಲಿ ಜಾಗ ಮಾಡಿ ಇಟ್ಟಳು.

ಹಾಗೆ ಜಾಗ ಮಾಡುವಾಗ ಒಂದು ಡಬ್ಬ ಉರುಳಿ ಚೀಟಿಗಳೆಲ್ಲ ಚೆಲ್ಲಿದವು. ಯಜಮಾನರು ಆರಿಸಿಕೊಡುತ್ತ ಒಂದೊಂದನ್ನೇ ಓದಿ ನಗತೊಡಗಿದರು. ಓದುತ್ತ ಓದುತ್ತ ನಗು ನಿಂತಿತು. ತಾಣದಲ್ಲಿ ಪುಟದ ಹೆಸರು 'ರನ್ನರ್ ಸವೆತ' ಎಂದಿತ್ತು. ಚೀಟಿಗಳಲ್ಲಿ ಒಬ್ಬರಾದರೂ ಹಾಗೆ ಹೇಳಿರಲಿಲ್ಲ. ರನ್ನರ್ ಎಂಬ ಮಾತೇ ಅವರಿಗೆ ಗೊತ್ತಿರಲಿಲ್ಲ. ಹಿಂದೆ ಬಾಯಿ ಬಿಡುತ್ತದೆ ಎಂದಿದ್ದರು, ಮುಚ್ಚಿದರೂ ತೆರೆದುಕೊಳ್ಳುತ್ತದೆ ಎಂದಿದ್ದರು. ಜನ ಆಡುವ ಮಾತು ಹನ್ನೊಂದು ವರ್ಷದಿಂದ ಡಬ್ಬದಲ್ಲಿ ಕೂತಿತ್ತು. ಅಂದಿನಿಂದ ಗಂಡ ಹೆಂಡತಿ ಸೇರಿ ಪುಟಗಳಿಗೆ ಹೊಸ ಹೆಸರಿಟ್ಟರು, ಚೀಟಿಯ ಮುಂಭಾಗ ಮೇಲೆ, ಹಿಂಭಾಗ ಕೆಳಗೆ. ಸರಿಹೋಗದ ಜಿಪ್ಪುಗಳ ಕತೆಯನ್ನೂ ಹಾಕೋಣ ಎಂದು ಜಿಪ್ಪಕ್ಕನೇ ಹೇಳಿದಳು, ಇದು ನನ್ನ ಕೈಲೂ ಆಗಲಿಲ್ಲ, ದುಡ್ಡು ದಂಡ ಮಾಡಬೇಡಿ ಅಂತ.

ಎಲ್ಲ ಮುಗಿದ ಮೇಲೆ ಕಾಯುವ ಕೆಲಸ. ಹುಡುಕಪ್ಪ ಬಂದು ನೋಡಿ ಮನಸ್ಸು ಬದಲಿಸಲು ವಾರಗಟ್ಟಲೆ ಹಿಡಿಯುತ್ತದೆ, ತಾಳ್ಮೆ ಇರಲಿ ಎಂದಿದ್ದಳು ತಂಗಿ. ಆದರೆ ಅವನ ಮನಸ್ಸು ತಿಳಿಯುವುದು ಹೇಗೆ? ಮನೆಯ ಕಂಪ್ಯೂಟರಿನ ಮಾತನ್ನು ನಂಬುವಂತಿಲ್ಲ. ಬೇರೆ ಉಪಾಯಗಳೂ ಇವೆ ಎಂದು ತಂಗಿ ಹೇಳಲು ಹೊರಟಿದ್ದಳು, ಯಜಮಾನರು ಕೇಳಲಿಲ್ಲ. ಒಮ್ಮೆ ಮೋಸಹೋದವರು, ಮತ್ತೆ ಪರದೆಯ ಮುಂದೆ ಕೂರುವುದಿಲ್ಲ ಎಂದುಬಿಟ್ಟರು. ಮರುದಿನ ಬೆಳಿಗ್ಗೆ ತಮ್ಮ ಹಳೇ ಜಾಕೆಟ್ಟಿನ ರನ್ನರನ್ನು ಸ್ಕ್ರೂಡ್ರೈವರಿನಿಂದ ಸ್ವಲ್ಪ ಅಗಲಿಸಿ, ಜಿಪ್ಪು ಹಿಂದೆ ಬಾಯಿ ಬಿಡುವಂತೆ ಮಾಡಿಕೊಂಡು, ಅದನ್ನು ಹಾಕಿಕೊಂಡು ಹೊರಟರು. ಜಿಪ್ಪಕ್ಕನ ಗಂಡ ಒಡೆದ ಜಿಪ್ಪಿನಲ್ಲಿ ಬೀದಿಗಿಳಿದದ್ದನ್ನು ನೋಡಿ ಇಡೀ ಕಟ್ಟಡ ನಕ್ಕಿತು.

ಬಸ್ ಸ್ಟಾಪಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಪಾರ್ಕಿನ ಬೆಂಚಿನಲ್ಲಿ ಯಾರಾದರೂ ಅಪರಿಚಿತರ ಪಕ್ಕ ಕೂತು, ನೋಡಿ ಸ್ವಾಮಿ, ಈ ಜಿಪ್ಪು ಹಿಂದೆ ಬಾಯಿ ಬಿಡ್ತಿದೆ, ಏನು ಮಾಡೋದು ಅಂತ ನಿಮ್ಮ ಫೋನಲ್ಲಿ ಸ್ವಲ್ಪ ನೋಡ್ತೀರಾ ಎನ್ನುವರು. ಚಳಿಯಲ್ಲಿ ಎದೆ ತೆರೆದುಕೊಂಡಿರುವ ಮುದುಕರನ್ನು ಯಾರು ತಾನೆ ಇಲ್ಲವೆನ್ನುತ್ತಾರೆ? ಅವರು ಹುಡುಕುವಾಗ ಇವರು ಪಕ್ಕದಿಂದ ಎಣಿಸುವರು. ಮೊದಲ ದಿನ ನಲವತ್ತೊಂದನೆಯದು. ಒಂದು ವಾರದ ನಂತರ ಮೂವತ್ತಮೂರು. ಆಮೇಲೆ ಮೂವತ್ತಾರಕ್ಕೆ ಇಳಿದು ಇಬ್ಬರ ಊಟವೂ ರುಚಿಸಲಿಲ್ಲ. ಮತ್ತೆ ಇಪ್ಪತ್ತೆಂಟು. ಅಷ್ಟು ಕೆಳಗಿನ ತನಕ ಯಾರೂ ತಾವಾಗಿ ಹೋಗುವುದಿಲ್ಲವಾದ್ದರಿಂದ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಪುಸಲಾಯಿಸಬೇಕಾಗುತ್ತಿತ್ತು. ಒಬ್ಬ ಹೊಸ ಜಾಕೆಟ್ಟು ಕೊಳ್ಳಿ ಎಂದ, ಇನ್ನೊಬ್ಬಳು ತನ್ನ ಚೀಲದಿಂದ ಪಿನ್ನು ತೆಗೆದು ತಾನೇ ಚುಚ್ಚಿಕೊಟ್ಟಳು. ಹಾಗೆ ಅವರಿಗೆ ಒಂಬತ್ತು ಪಿನ್ನು ಸಿಕ್ಕಿದವು, ಜಿಪ್ಪಕ್ಕನ ಚೀಟಿಗಳಿಗೆ ಒದಗಿದವು.

ಈ ಓಡಾಟದಲ್ಲಿ ಯಜಮಾನರ ಬಣ್ಣವೇ ಬದಲಾಯಿತು. ಮನೆಗೆ ಬಂದರೆ ಅಂದಿನ ಸಂಖ್ಯೆಗಿಂತ ಅಂದು ಸಿಕ್ಕವರ ಕತೆಯೇ ಉದ್ದ. ಬಸ್ ಸ್ಟಾಪಿನಲ್ಲಿ ಬಸ್ಸು ಬರಲು ಇಪ್ಪತ್ತು ನಿಮಿಷ ಹಿಡಿಯುತ್ತದೆ, ಲಿಫ್ಟಿನ ಹಾಗಲ್ಲ. ಬಸ್ಸು ತಡವಾದಷ್ಟೂ ಒಳ್ಳೆಯದು ಎನ್ನುವ ಮನುಷ್ಯ ಆ ಊರಿನಲ್ಲಿ ಅವರೊಬ್ಬರೇ ಇದ್ದಿರಬೇಕು. ಜಿಪ್ಪಕ್ಕ ಕೇಳುತ್ತ, ಒಳಗೊಳಗೇ ಇದಂತೂ ಲಾಭ ಎಂದುಕೊಂಡಳು. ಇಪ್ಪತ್ತೆರಡು. ಹತ್ತೊಂಬತ್ತು. ಹದಿನಾಲ್ಕು. ಹದಿನಾಲ್ಕಕ್ಕೆ ಬಂದು ಹನ್ನೊಂದು ದಿನ ಅಲ್ಲೇ ನಿಂತಿತು.

ಅಷ್ಟರಲ್ಲಿ ಚಳಿ ಮುಗಿಯಿತು. ಜನ ಕಿಟಕಿ ತೆರೆದರು, ಕಂಬಳಿಗಳು ಬಿಸಿಲಿಗೆ ಬಂದವು. ನಾಳೆ ಮೂರು ಗಂಟೆಗೆ ಬಂದು ಹೇಳುತ್ತೇನೆ ಎಂದು ಜಿಪ್ಪಕ್ಕ ದೊಡ್ಡಮ್ಮನಿಗೆ ಮಾತು ಕೊಟ್ಟಳು. ಮರುದಿನ ಬೆಳಿಗ್ಗೆಯಿಂದ ಮೇಜನ್ನು ಒರೆಸಿದಳು, ರನ್ನರುಗಳನ್ನು ಅಳತೆಯ ಪ್ರಕಾರ ವಿಂಗಡಿಸಿದಳು, ಡಬ್ಬಗಳ ಮುಚ್ಚಳ ಬಿಗಿ ಮಾಡಿದಳು. ಆ ವಾರ ಬಂದದ್ದು ಮೂರು ಪಾರ್ಸೆಲ್ಲು. ಎರಡಕ್ಕಿಂತ ಮೂರು ಹೆಚ್ಚು, ನಿಜ. ಆದರೆ ಅದನ್ನು ನಂಬಿ ದೊಡ್ಡಮ್ಮನಂಥವರನ್ನು ಕಾಯಿಸುವುದು ಸರಿಯಲ್ಲ. ಹಿಂದಿನ ಕೋಣೆಯಲ್ಲಿ ಬುಟ್ಟಿಯ ಪಕ್ಕದ ಮೆಷಿನ್ನೇ ಕೊಡಿ, ಊಟದ ಹೊತ್ತಿಗೆ ಒಂದಷ್ಟನ್ನು ಬದುಕಿಸುತ್ತೇನೆ ಎಂದು ಕೇಳಿಕೊಳ್ಳಬೇಕೆಂದು ತೀರ್ಮಾನಿಸಿದಳು. ದುಃಖವಾಯಿತು. ಅಳುವಷ್ಟಲ್ಲ, ಆದರೆ ದೀಪ ಆರಿಸಲು ಕೈ ಬರಲಿಲ್ಲ.

ಎರಡೂವರೆಗೆ ಬೀದಿಯಿಂದ ಯಜಮಾನರು ಬಂದರು. ಸುಡುವ ಬಿಸಿಲು. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು, ಮುಖ ಕೆಂಪಾಗಿತ್ತು. ದೀಪದ ಮುಂದೆ ಬಂದು ನೆಟ್ಟಗೆ ನಿಂತರು. ಜಿಪ್ಪಕ್ಕ ತಲೆ ಎತ್ತಿ ನೋಡಿದಳು. ಹತ್ತು ವಾರದಿಂದ ಬಾಯಿ ಬಿಟ್ಟುಕೊಂಡಿದ್ದ ಜಾಕೆಟ್ಟು ಗದ್ದದವರೆಗೂ ಮುಚ್ಚಿತ್ತು.

ಅವಳು ಸ್ಟೂಲಿನಿಂದ ಎದ್ದಳು. ಮೇಲಿನ ಮೆಟ್ಟಿಲು ತಲೆಗೆ ತಾಗಿತು. ಹನ್ನೊಂದು ವರ್ಷದಲ್ಲಿ ಅದೇ ಮೊದಲು.

"ಯಾರು ಮಾಡಿದ್ದು?"

ಬಸ್ ಸ್ಟಾಪಿನಲ್ಲಿ ಒಬ್ಬ ನಲ್ಲಿ ರಿಪೇರಿಯವನು ಸಿಕ್ಕಿದನಂತೆ. ಇವರು ಕೇಳಿದ್ದೇ ತಡ, ಫೋನಿನಲ್ಲಿ ಹುಡುಕಿ, ಒಂದು ಪುಟ ತೆರೆದು, ಇಲ್ಲಿ ಯಾರೋ ಅಕ್ಕ ಹೇಳ್ತಾರೆ, ಹೀಗೆ ಮಾಡಿ ನೋಡಬೇಕಂತೆ ಎಂದು ಗಟ್ಟಿಯಾಗಿ ಓದಿ, ತನ್ನ ಚೀಲದಿಂದ ಇಕ್ಕುಳ ತೆಗೆದು ಸರಿಮಾಡಿಯೇಬಿಟ್ಟನಂತೆ. ಪುಸಲಾಯಿಸುವ ಅವಕಾಶವೇ ಸಿಗಲಿಲ್ಲವಂತೆ. ತಾವು ಯಾರೆಂದು ಯಜಮಾನರು ಹೇಳಲಿಲ್ಲ. ಹೇಳಲು ಬಾಯಿಯೇ ಬರಲಿಲ್ಲ ಎಂದರು, ಅವರ ಜೀವಮಾನದಲ್ಲಿ ಅದೊಂದು ಸಲ. ಅವನ ಬಸ್ಸು ಹೋದ ಮೇಲೆ ಅಲ್ಲಿದ್ದ ಇನ್ನೂ ಇಬ್ಬರ ಫೋನಿನಲ್ಲಿ ನೋಡಿಸಿಕೊಂಡು ಬಂದಿದ್ದರು.

"ಎಷ್ಟನೇದು?" ಎಂದಳು ಜಿಪ್ಪಕ್ಕ.

"ಆರನೇದು," ಅಂದರು ಯಜಮಾನರು, ಲಿಫ್ಟಿನ ದನಿಯಲ್ಲಿ. "ಮೂವರ ಫೋನಲ್ಲೂ ಆರನೇದು."

ಮೊದಲನೆಯದು ಎಂದು ದಿನಾ ಬೆಳಿಗ್ಗೆ ಕೇಳುತ್ತಿದ್ದಾಗಲೂ ಅವಳಿಗೆ ಇಷ್ಟು ಸಂತೋಷವಾಗಿರಲಿಲ್ಲ. ಮೂರು ಗಂಟೆಗೆ ಬೀದಿ ದಾಟಿ ಹೋಗಿ, ದೊಡ್ಡಮ್ಮನ ಕೈ ಹಿಡಿದುಕೊಂಡು, ಬರಲಾಗುವುದಿಲ್ಲ, ಆದರೆ ನಿಮ್ಮ ಬುಟ್ಟಿಯನ್ನು ದಿನಾ ಸಂಜೆ ನನ್ನ ಕಡೆ ಕಳಿಸಿ ಎಂದು ಹೇಳಿ ಬಂದಳು. ದೊಡ್ಡಮ್ಮ ನಕ್ಕು ಅಂದೇ ಬುಟ್ಟಿ ಕಳಿಸಿದಳು.

ಅದಕ್ಕೆ ಮುಂಚೆ, ಬೀದಿ ದಾಟುವ ಮೊದಲು, ಅವಳು ಗಂಡನನ್ನು ದೀಪದ ಕೆಳಗೆ ಎಳೆದು ರನ್ನರನ್ನು ಪರೀಕ್ಷಿಸಿದ್ದಳು. ಎಡಕ್ಕೆ ಒಂದು ಗುರುತು, ಬಲಕ್ಕೆ ಒಂದು ಗುರುತು. ಹೆಬ್ಬೆರಳಿನಿಂದ ಎರಡನ್ನೂ ಮುಟ್ಟಿ ನೋಡಿದಳು.

"ಎರಡೂ ಕಡೆ ಸಮವಾಗಿ ಒತ್ತಿದಾನೆ," ಅಂದಳು.

"ನೀನು ಬರೆದಿರೋ ಹಾಗೇ," ಅಂದರು ಯಜಮಾನರು. "ಈಗಾದ್ರೂ ಬಿಚ್ಚು ಮಾರಾಯ್ತಿ, ಸೆಕೆ."